ಅಣು ವಿದ್ಯುತ್ ಸ್ಥಾವರದಲ್ಲಿ ಮೆಕ್ಯಾನಿಕಲ್ ಇಂಜಿನಿಯರ್‌ಗೆ ಏನು ಕೆಲಸ?

"ಮಗ ಮೆಕ್ಯಾನಿಕಲ್ ಮುಗಿಸಿದ್ದಾನೆ. ಕೈಗಾದಂಥ ಕಡೆ ಸೇರಬೇಕು ಅಂತಿದ್ದಾನೆ. ಅಲ್ಲೆಲ್ಲ ಫಿಸಿಕ್ಸ್ ಓದಿದವರಿಗೆ ತಾನೇ ಕೆಲಸ? ಮುಂದೆ ಸೀನಿಯರ್ ಆದಮೇಲೂ ಇವನು ಮಾಡೋದೇನು?"

ಬೇಕಾದಷ್ಟು ಕೆಲಸ ಇದೆ. ಯುರೇನಿಯಂ ಪರಮಾಣು ಒಡೆದು ಶಾಖ ಹುಟ್ಟುವುದು ಫಿಸಿಕ್ಸ್, ನಿಜ. ಆ ಶಾಖದಿಂದ ಕರೆಂಟ್ ಬರಬೇಕಾದರೆ ಪಂಪು, ಪೈಪು, ವಾಲ್ವು, ಸ್ಟೀಮ್ ಜನರೇಟರ್, ಟರ್ಬೈನ್ ಎಲ್ಲವೂ ಸರಿಯಾಗಿರಬೇಕು. ಇವು ಬಿಸಿಗೆ ಹಿಗ್ಗುತ್ತವೆ, ನಡುಗುತ್ತವೆ, ಸವೆಯುತ್ತವೆ. ಯಾವುದು ಇನ್ನೆಷ್ಟು ದಿನ ಬಾಳುತ್ತದೆ ಅಂತ ಮೊದಲೇ ತಿಳಿದುಕೊಳ್ಳುವುದೇ ಸೀನಿಯರ್ ಇಂಜಿನಿಯರ್‌ನ ದೊಡ್ಡ ಹೊಣೆ.

ಕೈಗಾದ ಉದಾಹರಣೆಯನ್ನೇ ನೋಡಿ. ಅಲ್ಲಿ ಈಗಿರುವ ನಾಲ್ಕೂ ಘಟಕಗಳು 220 ಮೆಗಾವಾಟಿನವು. ಒಂದೊಂದು ರಿಯಾಕ್ಟರ್‌ನಲ್ಲೂ 306 ಅಡ್ಡ ಚಾನೆಲ್‌ಗಳಿವೆ. ಪ್ರತಿ ಚಾನೆಲ್‌ನಲ್ಲಿ ಒಂದರೊಳಗೆ ಒಂದರಂತೆ ಎರಡು ಕೊಳವೆ. ಒಳಗಿನದು ಪ್ರೆಶರ್ ಟ್ಯೂಬ್. ಇಂಧನ ಇರುವುದು ಇದರಲ್ಲೇ, ಸುಮಾರು 290 ಡಿಗ್ರಿ ಬಿಸಿಯ ಭಾರಜಲ (ಹೈಡ್ರೋಜನ್‌ನ ಭಾರವಾದ ರೂಪ ಇರುವ ನೀರು) ಹರಿಯುವುದೂ ಇದರಲ್ಲೇ. ಹೊರಗಿನದು ಕ್ಯಾಲಾಂಡ್ರಿಯಾ ಟ್ಯೂಬ್. ಅದರ ಸುತ್ತ ಇರುವ ಭಾರಜಲ ಅಷ್ಟು ಬಿಸಿ ಇರುವುದಿಲ್ಲ. ಎರಡೂ ಒಂದಕ್ಕೊಂದು ತಾಗದಂತೆ ನಡುವೆ ಬಳೆಯಂಥ ಸಣ್ಣ ಸ್ಪ್ರಿಂಗ್‌ಗಳನ್ನು ಹಾಕಿರುತ್ತಾರೆ. ಹೆಸರು ಗಾರ್ಟರ್ ಸ್ಪ್ರಿಂಗ್.

ವರ್ಷಗಳು ಕಳೆದಂತೆ ಬಿಸಿ, ಒತ್ತಡ, ನ್ಯೂಟ್ರಾನ್‌ಗಳ ಹೊಡೆತಕ್ಕೆ ಒಳಗಿನ ಕೊಳವೆ ಮೆಲ್ಲಗೆ ಜೋತು ಬೀಳುತ್ತದೆ. ಜೊತೆಗೆ ಅದರ ಲೋಹ ಹೈಡ್ರೋಜನ್ ಹೀರಿಕೊಳ್ಳುತ್ತಾ ಹೋಗುತ್ತದೆ. ಸ್ಪ್ರಿಂಗ್ ಜಾಗ ತಪ್ಪಿ ಎರಡು ಕೊಳವೆ ತಾಗಿದರೆ, ತಾಗಿದ ಕಡೆ ತಣ್ಣಗಾಗುತ್ತದೆ. ಹೈಡ್ರೋಜನ್ ಅಲ್ಲಿಗೇ ಸೇರಿ ಗುಳ್ಳೆಯಂತೆ ಗಟ್ಟಿಯಾಗುತ್ತದೆ. ಬಿರುಕು ಶುರುವಾಗುವುದು ಅಲ್ಲಿಂದ. ಕೆನಡಾದ ಪಿಕರಿಂಗ್ ಸ್ಥಾವರದ 2ನೇ ಘಟಕದಲ್ಲಿ 1983ರ ಆಗಸ್ಟ್‌ನಲ್ಲಿ ಒಂದು ಪ್ರೆಶರ್ ಟ್ಯೂಬ್ ಹೀಗೆಯೇ ಸೀಳಿತು. ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಿದರು. ಆದರೆ ಇಂಥ ರಿಯಾಕ್ಟರ್ ಇರುವ ಎಲ್ಲ ದೇಶಗಳೂ ತಮ್ಮ ಕೊಳವೆಗಳನ್ನು ಹೊಸ ಕಣ್ಣಿನಿಂದ ನೋಡಬೇಕಾಯಿತು.

ಅದಕ್ಕೇ ಶಟ್‌ಡೌನ್ ಸಮಯದಲ್ಲಿ ಚಾನೆಲ್ ಒಳಗೆ ಶಬ್ದದ ಅಲೆಯಿಂದ ಅಳೆಯುವ ಅಲ್ಟ್ರಾಸಾನಿಕ್ ಮತ್ತು ವಿದ್ಯುತ್ಕಾಂತದಿಂದ ಅಳೆಯುವ ಎಡ್ಡಿ ಕರೆಂಟ್ ತಲೆಗಳನ್ನು ಕಳಿಸಿ ಗೋಡೆಯ ದಪ್ಪ, ಸ್ಪ್ರಿಂಗ್ ಇರುವ ಜಾಗ, ನಡುವಿನ ಸಂದು ಎಲ್ಲವನ್ನೂ ಅಳೆಯುತ್ತಾರೆ. ಅಳೆಯುವ ಉಪಕರಣವನ್ನು ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ಇಲ್ಲೇ ತಯಾರಿಸಿದೆ. ಒಳಗೋಡೆಯಿಂದ ತೆಳುವಾದ ಚೂರು ಕೆರೆದು ತೆಗೆದು ಹೈಡ್ರೋಜನ್ ಎಷ್ಟಿದೆ ಅಂತಲೂ ನೋಡುತ್ತಾರೆ. ಆಮೇಲೆ ಆ ಅಂಕಿಗಳು ಸೀನಿಯರ್ ಮೇಜಿಗೆ ಬರುತ್ತವೆ. ಈ ಚಾನೆಲ್ ಮುಂದಿನ ಶಟ್‌ಡೌನ್‌ವರೆಗೆ ಓಡಬಹುದಾ, ಸ್ಪ್ರಿಂಗ್ ಸರಿಸಬೇಕಾ, ಕೊಳವೆಯನ್ನೇ ಬದಲಿಸಬೇಕಾ? ಸುಮ್ನೆ ಅಂದಾಜಿನ ಮೇಲೆ ಹೇಳುವ ಹಾಗಿಲ್ಲ. ಲೆಕ್ಕ ತೋರಿಸಿ ಅಣುಶಕ್ತಿ ನಿಯಂತ್ರಣ ಮಂಡಳಿಯನ್ನು ಒಪ್ಪಿಸಬೇಕು.

ಕಣ್ಣಿಡಬೇಕಾದ್ದು ರಿಯಾಕ್ಟರ್ ಮೇಲೆ ಮಾತ್ರ ಅಲ್ಲ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದಲ್ಲಿ ಮುರಿದದ್ದು ಟರ್ಬೈನ್‌ನ ಬ್ಲೇಡ್‌ಗಳು. ತೂಕ ತಪ್ಪಿ ಶಾಫ್ಟ್ ವಿಪರೀತ ನಡುಗಿತು. ಜನರೇಟರ್ ತಂಪಾಗಿಡುವ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಕೇಬಲ್‌ಗಳು ಸುಟ್ಟು ಇಡೀ ಘಟಕಕ್ಕೆ ಕರೆಂಟೇ ಇಲ್ಲದಂತಾಯಿತು. ಸಿಬ್ಬಂದಿ ಡೀಸೆಲ್ ಅಗ್ನಿಶಾಮಕ ಪಂಪಿನಿಂದ ಸ್ಟೀಮ್ ಜನರೇಟರ್‌ಗೆ ನೀರು ಹಾಯಿಸಿ ಪರಿಸ್ಥಿತಿ ಕೈಮೀರದಂತೆ ನೋಡಿಕೊಂಡರು. ಈ ಉದ್ಯೋಗಕ್ಕೆ ಬರುವ ಪ್ರತಿ ಮೆಕ್ಯಾನಿಕಲ್ ಇಂಜಿನಿಯರ್ ಈ ಘಟನೆಯನ್ನು ಚೆನ್ನಾಗಿ ಓದಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವಿಕಿರಣದ ಭಯ? ಮನೆಯವರು ಕೇಳುವುದು ಸಹಜ ಅಲ್ವಾ. ಭಾರತದಲ್ಲಿ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30, ಇದಕ್ಕಿಂತ ಜಾಸ್ತಿ ಆಗಬಾರದು. ಹಾಗಾಗಿ ಒಂದು ಸೀಲ್ ಬದಲಿಸುವ ಕೆಲಸವನ್ನೂ ಹೊರಗೆ ಮಾದರಿಯ ಮೇಲೆ ಮಾಡಿ ಕೈ ಪಳಗಿಸಿಕೊಂಡೇ ಒಳಗೆ ಹೋಗುತ್ತಾರೆ. ಯಾರು ಎಷ್ಟು ನಿಮಿಷ ಒಳಗಿರಬೇಕು ಅಂತ ಯೋಜಿಸುವಾಗ ಸೀನಿಯರ್ ಮಾತಿಗೆ ಬಹಳ ಬೆಲೆ.

ಇಷ್ಟೆಲ್ಲ ಸರಿಯಾಗಿ ನಡೆದರೆ ಏನಾಗುತ್ತದೆ ಅನ್ನುವುದಕ್ಕೂ ಕೈಗಾದಲ್ಲೇ ಸಾಕ್ಷಿ ಇದೆ. ಅಲ್ಲಿನ 1ನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ.

ಸೇರುವ ದಾರಿ ಹೇಳುವುದಾದರೆ, ಕೈಗಾದಂಥ ಸ್ಥಾವರಗಳನ್ನು ನಡೆಸುವ ಸರ್ಕಾರಿ ಕಂಪನಿ ಎನ್‌ಪಿಸಿಐಎಲ್, ಇಂಜಿನಿಯರ್‌ಗಳ ಗೇಟ್ ಪರೀಕ್ಷೆಯ ಅಂಕಗಳ ಮೇಲೆ ಟ್ರೈನಿಗಳನ್ನು ಆರಿಸುತ್ತದೆ. ಬಾರ್ಕ್‌ನ ತರಬೇತಿ ಶಾಲೆ ಇನ್ನೊಂದು ಬಾಗಿಲು. ಮಗ ಗೇಟ್‌ಗೆ ಕೂರುವುದಾದರೆ ಮೆಟೀರಿಯಲ್ಸ್, ವೈಬ್ರೇಷನ್ ಎರಡನ್ನೂ ಮನಸ್ಸಿಟ್ಟು ಓದಲಿ. ಕೈಗಾದಲ್ಲಿ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳು ಬರಲಿವೆ. ಅವುಗಳಲ್ಲಿ ಒಂದೊಂದಕ್ಕೂ 392 ಚಾನೆಲ್‌ಗಳು.