ಕಂಪ್ರೆಸರ್‌ನ ಅಟ್ಯಾಕ್, ರಿಲೀಸ್ ಮತ್ತು ತಬಲಾದ ಪೆಟ್ಟು

ಮಿಕ್ಸಿಂಗ್ (ಧ್ವನಿಮುದ್ರಣದ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸುವುದು) ಕಲಿಯಲು ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಜೋರಾದ ಸದ್ದನ್ನು ತಗ್ಗಿಸುವ ಕಂಪ್ರೆಸರ್ ಪ್ಲಗಿನ್ (ಸಾಫ್ಟ್‌ವೇರ್ ಉಪಕರಣ) ತೆರೆದೊಡನೆ ಥ್ರೆಶೋಲ್ಡ್ (ಸದ್ದು ಯಾವ ಗೆರೆ ದಾಟಿದರೆ ತಗ್ಗಿಸಬೇಕು), ರೇಶಿಯೋ (ದಾಟಿದ್ದನ್ನು ಯಾವ ಅನುಪಾತದಲ್ಲಿ ತಗ್ಗಿಸಬೇಕು) ಎರಡನ್ನೂ ಹೊಂದಿಸಿ, ಅಟ್ಯಾಕ್ ಮತ್ತು ರಿಲೀಸ್‌ಗಳನ್ನು ಇದ್ದಲ್ಲಿಯೇ ಬಿಟ್ಟುಬಿಡುತ್ತಾರೆ. ಮೊದಲೆರಡರ ಲೆಕ್ಕ ಸುಲಭ. ಥ್ರೆಶೋಲ್ಡ್ -20 ಡೆಸಿಬಲ್, ರೇಶಿಯೋ 4:1 ಇದ್ದಾಗ, -12ರಲ್ಲಿ ಒಳಬಂದ ಸದ್ದು ಗೆರೆಯಿಂದ 8 ಡೆಸಿಬಲ್ ಮೇಲಿರುತ್ತದೆ. ಹೊರಹೋಗುವಾಗ 2 ಡೆಸಿಬಲ್ ಮಾತ್ರ ಮೇಲಿದ್ದು, -18ಕ್ಕೆ ಇಳಿದಿರುತ್ತದೆ. ಸದ್ದು ಎಷ್ಟು ತಗ್ಗಬೇಕೆಂಬುದು ಇಲ್ಲಿಗೆ ತೀರ್ಮಾನವಾಯಿತು. ಆದರೆ ವಾದ್ಯದ ಗುಣ ಉಳಿಯುವುದೂ ಕೆಡುವುದೂ ಅದು ಎಷ್ಟು ಬೇಗ ತಗ್ಗುತ್ತದೆ (ಅಟ್ಯಾಕ್), ಎಷ್ಟು ಬೇಗ ಮತ್ತೆ ಮೇಲೇಳುತ್ತದೆ (ರಿಲೀಸ್) ಎಂಬುದರಲ್ಲಿ.

ತಬಲಾವನ್ನೇ ನೋಡೋಣ. 'ನಾ' ಎಂಬ ಬೋಲ್ (ತಬಲಾದ ನುಡಿ) ನುಡಿಸುವಾಗ ಬೆರಳು ಅಂಚಿಗೆ ತಾಗಿದ ಸದ್ದು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದು, ಬಳಿಕ ಶ್ರುತಿಯ ನಾದ ಉಳಿಯುತ್ತದೆ. ಅಟ್ಯಾಕ್ 1 ಮಿಲಿಸೆಕೆಂಡ್ ಇಟ್ಟರೆ ಆ ಪೆಟ್ಟೇ ಅದುಮಿಹೋಗಿ, ತಬಲಾದ ಮೇಲೆ ಬಟ್ಟೆ ಹೊದಿಸಿದಂತೆ ಕೇಳಿಸುತ್ತದೆ; 20-30ಕ್ಕೆ ಏರಿಸಿದರೆ ಪೆಟ್ಟು ಹಾಗೆಯೇ ದಾಟಿ, ಹಿಂದಿನ ನಾದ ಮಾತ್ರ ತಗ್ಗುವುದರಿಂದ ಬೆರಳಿನ ಕೆಲಸ ಮೊದಲಿಗಿಂತಲೂ ಬಿಡಿಬಿಡಿಯಾಗಿ ಕೇಳುತ್ತದೆ. 1176 ಎಂಬ ಹಳೆಯ ಕಂಪ್ರೆಸರ್ ಯಂತ್ರದ ಮಾದರಿಯ ಪ್ಲಗಿನ್‌ಗಳಲ್ಲಿ ಇದು ಸಾಧ್ಯವಾಗದು, ಏಕೆಂದರೆ ಅದರ ಅತಿ ನಿಧಾನದ ಅಟ್ಯಾಕ್ ಕೂಡ 1 ಮಿಲಿಸೆಕೆಂಡಿಗಿಂತ ಕಡಿಮೆ; ಸಾಲದ್ದಕ್ಕೆ ಅದರ ನಾಬ್ ಬಲಕ್ಕೆ ತಿರುಗಿಸಿದಷ್ಟೂ ವೇಗ ಹೆಚ್ಚುತ್ತದೆ.

ರಿಲೀಸ್‌ಗೆ ಲಯವೇ ಅಳತೆಗೋಲು. ನಿಮಿಷಕ್ಕೆ 120 ಮಾತ್ರೆಗಳ ಲಯದಲ್ಲಿ ಮಾತ್ರೆಗೆ ನಾಲ್ಕರಂತೆ ಬೋಲ್‌ಗಳು ಬಂದರೆ ಎರಡರ ನಡುವೆ 125 ಮಿಲಿಸೆಕೆಂಡ್ ಇರುತ್ತದೆ. ರಿಲೀಸ್ 400 ಇದ್ದಾಗ ಕಂಪ್ರೆಸರ್ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಬೋಲ್ ಬಂದುಬಿಡುವುದರಿಂದ, ಜೋರಾದ ಪೆಟ್ಟಿನ ಹಿಂದೆಯೇ ಬರುವ ಮೃದುವಾದ ಬೋಲ್‌ಗಳು ಮಂಕಾಗುತ್ತವೆ. ಹಾಗೆಂದು ಅತಿಯಾಗಿ ಚುರುಕುಗೊಳಿಸುವಂತೆಯೂ ಇಲ್ಲ. ಡಗ್ಗಾದಲ್ಲಿ (ತಬಲಾ ಜೋಡಿಯ ದಪ್ಪ ಸದ್ದಿನ ಎಡ ವಾದ್ಯ) ಬರುವ 80 ಹರ್ಟ್ಸ್‌ನ ಒಂದು ಅಲೆಗೆ 12.5 ಮಿಲಿಸೆಕೆಂಡ್ ಬೇಕು. ಅಟ್ಯಾಕ್, ರಿಲೀಸ್ ಎರಡೂ ಅದಕ್ಕಿಂತ ವೇಗವಾಗಿದ್ದರೆ ಕಂಪ್ರೆಸರ್ ಅಲೆಯ ಆಕಾರವನ್ನೇ ಎಳೆದಾಡಿ, ಒಡಕು ಸದ್ದು ಹುಟ್ಟಿಸುತ್ತದೆ.

ಇವು ಕಿವಿಗೆ ಸಿಗುತ್ತಿಲ್ಲವೆನ್ನುವವರಿಗೆ ನಾನು ಹೇಳುವ ಅಭ್ಯಾಸ ಇದು: ರೇಶಿಯೋವನ್ನು 10:1ಕ್ಕೆ ಏರಿಸಿ, ಸದ್ದು ಎಷ್ಟು ತಗ್ಗಿತೆಂದು ತೋರಿಸುವ ಮೀಟರಿನ ಮುಳ್ಳು ಪ್ರತಿ ಪೆಟ್ಟಿಗೂ ಬಾಗುವಷ್ಟು ಥ್ರೆಶೋಲ್ಡ್ ಇಳಿಸಿ, ಮೊದಲು ಅಟ್ಯಾಕ್, ನಂತರ ರಿಲೀಸ್ ಹೊಂದಿಸಿಕೊಳ್ಳಿ, ಆಮೇಲೆ ರೇಶಿಯೋವನ್ನು 3:1ಕ್ಕೆ ತಂದು ಥ್ರೆಶೋಲ್ಡನ್ನು ಮೇಲಕ್ಕೆ ಸರಿಸಿ. ಕೊನೆಯದು ಮೇಕಪ್ ಗೇನ್, ಅಂದರೆ ತಗ್ಗಿದ ಸದ್ದನ್ನು ಮತ್ತೆ ಏರಿಸುವ ನಾಬ್. ಒಂದೆರಡು ಡೆಸಿಬಲ್ ಜೋರಾದರೂ ಸದ್ದು ಉತ್ತಮವಾದಂತೆ ಕಿವಿಗೆ ತೋರುವುದರಿಂದ, ಬೈಪಾಸ್ (ಕಂಪ್ರೆಸರ್ ಇಲ್ಲದೆ ಸದ್ದನ್ನು ಹಾಗೆಯೇ ಕೇಳಿಸುವ ಗುಂಡಿ) ಒತ್ತಿದಾಗಲೂ ಬಿಟ್ಟಾಗಲೂ ಮಟ್ಟ ಒಂದೇ ಇರುವಂತೆ ಅದನ್ನು ಹೊಂದಿಸಿ, ಕಣ್ಣು ಮುಚ್ಚಿ ಎರಡನ್ನೂ ಕೇಳಿ. ಬೈಪಾಸ್‌ನಲ್ಲಿರುವುದೇ ಚೆನ್ನಾಗಿದೆ ಎನ್ನಿಸಿದರೆ ಆ ಟ್ರ್ಯಾಕಿನಿಂದ ಕಂಪ್ರೆಸರನ್ನು ತೆಗೆದುಬಿಡಿ.