ಎಣ್ಣೆ ಕುಡಿದು ಮುದಿಯಾಗುವ ಗುಂಡು

ಒಂದು ಶನಿವಾರ ಬೆಳಗ್ಗೆ ನಮ್ಮ ಬಚ್ಚಲಲ್ಲಿ ಒಂದು ಬಕೆಟ್ ಬಿಸಿನೀರು, ಅದರ ತಳದಲ್ಲಿ ಕಡುನೀಲಿ ಬಣ್ಣದ ಹದಿನೈದು ಪೌಂಡಿನ ಬೌಲಿಂಗ್ ಗುಂಡು. ಮೂರು ಬೆರಳಿನ ತೂತುಗಳಿಗೆ ನೀರು ಇಳಿಯದಂತೆ ಅಗಲದ ಟೇಪು ಅಂಟಿಸಿದ್ದೆ. ಐದು ನಿಮಿಷ ಕಳೆಯುವಷ್ಟರಲ್ಲಿ ಗುಂಡಿನ ಮೈಮೇಲೆ ಸಾಸಿವೆಗಿಂತ ಸಣ್ಣ ಹನಿಗಳು ಮೂಡತೊಡಗಿದವು. ಬೇಸಿಗೆಯ ಮಧ್ಯಾಹ್ನ ಹಣೆಯ ಮೇಲೆ ಬೆವರೊಡೆಯುವ ಹಾಗೆ. ಒಂದೊಂದೇ ಹನಿ ದಪ್ಪವಾಗಿ, ಕಳಚಿಕೊಂಡು ಮೇಲೇರಿ, ನೀರಿನ ಮೇಲೆ ಕಾಮನಬಿಲ್ಲಿನ ಪೊರೆಯಾಗಿ ಹರಡಿತು. ಅದು ಎಣ್ಣೆ. ಏಳು ವರ್ಷಗಳಿಂದ ಪ್ರತಿ ಗುರುವಾರ ಸಂಜೆ ಆ ಗುಂಡು ಕುಡಿದ ಎಣ್ಣೆ.

ಪಕ್ಕದಲ್ಲೇ ನಿಂತಿದ್ದ ಮಗಳು ತನ್ನ ಹತ್ತು ಪೌಂಡಿನ ಗುಂಡನ್ನೂ ಇನ್ನೊಂದು ಬಕೆಟ್ಟಿಗೆ ಇಳಿಸಿದಳು. ಅದು ತೇಲಿತು! ಅವಳಿಗೆ ನಗು, ನನಗೆ ಲೆಕ್ಕ. ಬೌಲಿಂಗ್ ಗುಂಡುಗಳ ತೂಕ ಬೇರೆ ಬೇರೆಯಾದರೂ ಗಾತ್ರ ಹೆಚ್ಚುಕಡಿಮೆ ಒಂದೇ. ವ್ಯಾಸ ಸುಮಾರು ಎಂಟೂವರೆ ಇಂಚು. ಅಷ್ಟು ದೊಡ್ಡ ಗೋಳ ಪಕ್ಕಕ್ಕೆ ತಳ್ಳುವ ನೀರಿನ ತೂಕ ಐದೂಕಾಲು ಕಿಲೋ ಚಿಲ್ಲರೆ, ಅಂದರೆ ಹನ್ನೆರಡು ಪೌಂಡಿಗೆ ಸ್ವಲ್ಪ ಕಡಿಮೆ. ಅದಕ್ಕಿಂತ ಹಗುರವಾದದ್ದು ತೇಲುತ್ತದೆ, ಭಾರವಾದದ್ದು ಮುಳುಗುತ್ತದೆ. ಒರಳುಗುಂಡಿನಂತೆ ಕಾಣುವ ವಸ್ತು ನೀರಿನಲ್ಲಿ ಬೆಂಡಿನ ಹಾಗೆ ತೇಲುವುದನ್ನು ನೋಡುವುದೇ ಒಂದು ಮೋಜು.

ಬೌಲಿಂಗ್ ಎಂದಾಗ ಊರಿನವರಿಗೆ ಮೊದಲು ನೆನಪಾಗುವುದು ಅನಿಲ್ ಕುಂಬ್ಳೆ. ನಾನು ಹೇಳುತ್ತಿರುವುದು ಹತ್ತು ಪಿನ್ನುಗಳನ್ನು ಉರುಳಿಸುವ ಬೌಲಿಂಗ್. ಬೆಂಗಳೂರಿನ ಮಾಲುಗಳಲ್ಲಿ ಬಾಡಿಗೆ ಬೂಟು ಹಾಕಿಕೊಂಡು ಒಂದೆರಡು ಸಲ ಆಡಿದವರು ಬಹಳ ಮಂದಿ ಇದ್ದಾರೆ. ನಾನಿರುವ ಡೆಟ್ರಾಯ್ಟಿನ ಸುತ್ತಮುತ್ತ ಇದು ವಾರದ ವ್ರತ. ಕಾರ್ಖಾನೆಯ ಪಾಳಿ ಮುಗಿಸಿದವರು, ನಿವೃತ್ತ ಮೇಷ್ಟ್ರುಗಳು, ನನ್ನಂಥ ವಲಸಿಗರು ತಂಡ ಕಟ್ಟಿಕೊಂಡು ಚಳಿಗಾಲವಿಡೀ ಆಡುತ್ತಾರೆ. ಅವರೆಲ್ಲರ ಬಳಿ ಸ್ವಂತ ಗುಂಡು ಇರುತ್ತದೆ. ಆ ಗುಂಡಿಗೆ ವಯಸ್ಸಾಗುತ್ತದೆ. ಟೆಸ್ಟ್ ಕ್ರಿಕೆಟ್ಟಿನಲ್ಲಾದರೆ ಎಂಬತ್ತು ಓವರಿನ ನಂತರ ಹೊಸ ಚೆಂಡು ಕೇಳಬಹುದು ಎಂಬ ನಿಯಮವಿದೆ. ಇಲ್ಲಿ ಅಂಥ ನಿಯಮವಿಲ್ಲ, ನಾವೇ ತೀರ್ಮಾನಿಸಬೇಕು.

ಎಣ್ಣೆ ಎಲ್ಲಿಂದ ಬಂತು? ಆಡುವ ಹಾಸಿನಿಂದ, ಅಂದರೆ ಲೇನಿನಿಂದ. ಲೇನಿನ ಅಗಲ ನಲವತ್ತೊಂದೂವರೆ ಇಂಚು. ನಿಲ್ಲುವ ಗೆರೆಯಿಂದ ಮೊದಲ ಪಿನ್ನಿಗೆ ಅರವತ್ತು ಅಡಿ. ಅದರಲ್ಲಿ ಮೊದಲ ನಲವತ್ತು ಅಡಿಗೋ ಅದರ ಆಸುಪಾಸಿಗೋ ಯಂತ್ರವೊಂದು ಎಣ್ಣೆ ಸವರಿಕೊಂಡು ಹೋಗುತ್ತದೆ, ಕೊನೆಯ ಭಾಗವನ್ನು ಒಣಗಿದ್ದಂತೆಯೇ ಬಿಡುತ್ತದೆ. ಒಂದು ಲೇನಿಗೆ ಹಿಡಿಯುವುದು ಸುಮಾರು ಇಪ್ಪತ್ತೈದು ಮಿಲಿಲೀಟರ್, ಐದು ಟೀ ಚಮಚ. ಅದನ್ನು ಸುಮಾರು ಹದಿಮೂರು ಚದರ ಮೀಟರಿಗೆ ಹಂಚಿದರೆ ಪೊರೆಯ ಸರಾಸರಿ ದಪ್ಪ ಎರಡು ಮೈಕ್ರಾನ್. ತಲೆಗೂದಲಿನ ಮೂವತ್ತರಲ್ಲೊಂದು ಪಾಲಿಗಿಂತಲೂ ತೆಳು. ದೋಸೆ ಹೆಂಚಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರುತ್ತೇವಲ್ಲ, ಇದರ ಮುಂದೆ ಅದು ಕೆಸರುಗದ್ದೆ. ಆಟದ ಸೋಲು ಗೆಲುವು ಬಹುಮಟ್ಟಿಗೆ ನಿರ್ಧಾರವಾಗುವುದು ಕಣ್ಣಿಗೆ ಕಾಣದ ಈ ಪೊರೆಯಲ್ಲಿ. ಎಣ್ಣೆ ಇರುವಲ್ಲಿ ಘರ್ಷಣಾಂಕ ಸುಮಾರು 0.04, ಒಣ ಭಾಗದಲ್ಲಿ ಸುಮಾರು 0.2. ಅಂದರೆ ನಲವತ್ತು ಅಡಿ ಜಾರಿಕೊಂಡು ಬಂದ ಗುಂಡಿಗೆ ಇದ್ದಕ್ಕಿದ್ದಂತೆ ಐದು ಪಟ್ಟು ಹೆಚ್ಚು ಹಿಡಿತ ಸಿಗುತ್ತದೆ.

ಗುಂಡು ಕೈಬಿಟ್ಟ ಕ್ಷಣದಿಂದಲೇ ಉರುಳುತ್ತದೆ ಎಂದು ಬಹಳ ಕಾಲ ನಾನೂ ನಂಬಿದ್ದೆ. ಅದು ಮೊದಲು ಜಾರುತ್ತದೆ. ನನ್ನ ಎಸೆತದ ವೇಗ ಗಂಟೆಗೆ ಇಪ್ಪತ್ತೇಳು ಕಿಲೋಮೀಟರ್, ಎಂದರೆ ಸೆಕೆಂಡಿಗೆ ಏಳೂವರೆ ಮೀಟರ್. ಗುಂಡು ಸೆಕೆಂಡಿಗೆ ಐದು ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೂ ಅದರ ಮೇಲ್ಮೈ ಓಡುವುದು ಸೆಕೆಂಡಿಗೆ ಮೂರೂವರೆ ಮೀಟರಿಗಿಂತ ಸ್ವಲ್ಪ ಕಡಿಮೆ. ಲೆಕ್ಕ ಸರಿಹೋಗದ ಉಳಿದ ವೇಗವೆಲ್ಲ ಜಾರಾಟ. ಅದರ ಮೇಲೆ ನಾನು ಮಣಿಕಟ್ಟು ತಿರುಗಿಸಿ ಕೊಟ್ಟ ಅಡ್ಡ ತಿರುಗು ಬೇರೆ. ಘರ್ಷಣೆ ಈ ಜಾರಾಟಕ್ಕೆ ಎದುರಾಗಿ ತಳ್ಳುತ್ತ ಗುಂಡಿನ ವೇಗವನ್ನು ತಗ್ಗಿಸುತ್ತದೆ, ತಿರುಗನ್ನು ಹೆಚ್ಚಿಸುತ್ತದೆ, ದಾರಿಯನ್ನು ಬಾಗಿಸುತ್ತದೆ. ಎರಡೂ ವೇಗಗಳು ಒಂದಾದ ಕ್ಷಣ ಜಾರಾಟ ನಿಂತು ನಿಜವಾದ ಉರುಳಾಟ ಶುರು. ಅಲ್ಲಿಂದ ದಾರಿ ನೇರ. ಹೀಗೆ ಜಾರುವ ಗೋಳ ಪ್ಯಾರಾಬೋಲದಲ್ಲಿ ಬಾಗಿ ಆಮೇಲೆ ನೇರವಾಗುತ್ತದೆ ಎಂಬ ಗಣಿತವನ್ನು ಫ್ರಾನ್ಸಿನ ಕೊರಿಯೋಲಿಸ್ 1835ರಷ್ಟು ಹಿಂದೆಯೇ ಬಿಲಿಯರ್ಡ್ಸ್ ಚೆಂಡಿಗಾಗಿ ಬಿಡಿಸಿಟ್ಟಿದ್ದ. ಚಂಡಮಾರುತ ಸುತ್ತುವ ದಿಕ್ಕಿಗೆ ಯಾರ ಹೆಸರನ್ನು ಹೇಳುತ್ತೇವೋ ಅದೇ ಕೊರಿಯೋಲಿಸ್.

ಬಾಗಬೇಕಾದರೂ ಏಕೆ? ಹತ್ತು ಪಿನ್ನುಗಳು ಒಟ್ಟು ಹದಿನಾರು ಕಿಲೋ ತೂಗುತ್ತವೆ, ನನ್ನ ಗುಂಡು ಆರು ಮುಕ್ಕಾಲು ಕಿಲೋ ಚಿಲ್ಲರೆ. ಎಲ್ಲವನ್ನೂ ಅದೇ ಹೋಗಿ ಗುದ್ದುವುದು ಆಗದ ಮಾತು. ಬಲಗೈ ಆಟಗಾರನ ಅಚ್ಚುಕಟ್ಟಾದ ಎಸೆತದಲ್ಲಿ ಗುಂಡು ತಾಗುವುದು ನಾಲ್ಕೇ ಪಿನ್ನುಗಳಿಗೆ: ಒಂದು, ಮೂರು, ಐದು, ಒಂಬತ್ತು (ತ್ರಿಕೋನವಾಗಿ ನಿಂತ ಪಿನ್ನುಗಳನ್ನು ಮುಂದಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ ಎಣಿಸಿದರೆ). ಉಳಿದ ಆರನ್ನು ಪಿನ್ನುಗಳೇ ಪಿನ್ನುಗಳನ್ನು ಹೊಡೆದು ಬೀಳಿಸುತ್ತವೆ. ಈ ಸರಪಳಿ ತಪ್ಪದೆ ನಡೆಯಬೇಕಾದರೆ ಗುಂಡು ಒಂದು ಮತ್ತು ಮೂರರ ನಡುವಿನ ಸಂದಿಗೆ ಓರೆಯಾಗಿ ನುಗ್ಗಬೇಕು. ಅಮೆರಿಕದಲ್ಲಿ ಈ ಆಟದ ನಿಯಮ ರೂಪಿಸುವ ಸಂಸ್ಥೆಯಾದ ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್ಸಿನ ಪ್ರಯೋಗಗಳಲ್ಲಿ ಒಳ್ಳೆಯ ಫಲ ಕೊಟ್ಟದ್ದು ಆರು ಡಿಗ್ರಿಯ ಆಸುಪಾಸಿನ ಓರೆ. ಬಾಗದ ಗುಂಡನ್ನು ಲೇನಿನ ತೀರಾ ಅಂಚಿನಿಂದ ನೇರವಾಗಿ ಎಸೆದರೂ ಒಂದೂವರೆ ಡಿಗ್ರಿ ದಾಟುವುದಿಲ್ಲ. ಲೇನು ಅಷ್ಟು ಕಿರಿದು, ಅಷ್ಟು ಉದ್ದ. ಉಳಿದ ಓರೆಯನ್ನು ಬಾಗುವಿಕೆಯೇ ಕೊಡಬೇಕು, ಬಾಗುವಿಕೆಯನ್ನು ಘರ್ಷಣೆ ಕೊಡಬೇಕು.

ಹೀಗಾಗಿ ಬೌಲಿಂಗ್ ಗುಂಡಿನ ಚರಿತ್ರೆಯೆಂದರೆ ಹಿಡಿತ ಹೆಚ್ಚಿಸಿಕೊಂಡ ಚರಿತ್ರೆ. ಮೊದಲು ಲಿಗ್ನಮ್ ವೀಟೇ ಎಂಬ, ನೀರಿನಲ್ಲಿ ಮುಳುಗುವಷ್ಟು ಗಟ್ಟಿಯಾದ ಮರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಟ್ಟಿ ರಬ್ಬರು, ಅದರ ಬೆನ್ನಿಗೆ ಪಾಲಿಯೆಸ್ಟರ್. 1973ರಲ್ಲಿ ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ಪಾಲಿಯೆಸ್ಟರ್ ಗುಂಡನ್ನು ಮೀಥೈಲ್ ಈಥೈಲ್ ಕೀಟೋನ್ ಎಂಬ ಘಾಟು ದ್ರಾವಕದಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡ. ಮೆತ್ತಗಾದ ಮೈ ಲೇನನ್ನು ಹೆಚ್ಚು ಹಿಡಿಯುತ್ತದೆ. ಆ ವರ್ಷ ಆರು ಪ್ರಶಸ್ತಿ, ಜೊತೆಗೆ ವರ್ಷದ ಆಟಗಾರನೆಂಬ ಗೌರವ. ಆಗ ಅದು ನಿಯಮಕ್ಕೆ ವಿರುದ್ಧವಾಗಿರಲಿಲ್ಲ, ಆಮೇಲೆ ಗಡಸುತನಕ್ಕೆ ಕನಿಷ್ಠ ಮಿತಿ ಬಂತು. ಆ ತಂಟೆ ಇನ್ನೂ ಮುಗಿದಿಲ್ಲ: 2022ರಲ್ಲಿ ಕೂಡ ಮೈ ಮೆತ್ತಗಿದೆ ಎಂಬ ಕಾರಣಕ್ಕೆ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಕೆಲವು ಮಾದರಿಗಳನ್ನು ನಿಷೇಧಿಸಿದರು. ಆಟಗಾರ ಮನೆಯಲ್ಲಿ ಮಾಡುತ್ತಿದ್ದ ರಸವಿದ್ಯೆಯನ್ನು ನಂತರ ಕಾರ್ಖಾನೆಗಳೇ ವಹಿಸಿಕೊಂಡವು. 1980ರ ದಶಕದ ಆರಂಭದಲ್ಲಿ ಯುರೆಥೇನ್ ಬಂತು, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್. ನನ್ನ ನೀಲಿ ಗುಂಡು ಈ ಕೊನೆಯ ಕುಲದ್ದು.

ರಿಯಾಕ್ಟಿವ್ ರೆಸಿನ್ ಕೂಡ ಯುರೆಥೇನೇ, ಆದರೆ ಅದಕ್ಕೆ ಬೇರೆ ಪದಾರ್ಥಗಳನ್ನು ಬೆರೆಸಿ ಮೈತುಂಬ ಅತಿಸೂಕ್ಷ್ಮ ರಂಧ್ರಗಳು ಉಳಿಯುವಂತೆ ಮಾಡಿರುತ್ತಾರೆ. ಗುಂಡು ಉರುಳುವಾಗ ತನಗೆ ತಾಗಿದ ಎಣ್ಣೆಯನ್ನು ಈ ರಂಧ್ರಗಳು ಒಳಗೆಳೆದುಕೊಳ್ಳುತ್ತವೆ, ಮೈ ಒಣಗಿರುತ್ತದೆ, ಹಿಡಿತ ಉಳಿಯುತ್ತದೆ. ಅದರ ಶಕ್ತಿಯೂ ಅದೇ, ರೋಗವೂ ಅದೇ. ಒಂದು ಸಂಜೆಗೆ ಮೂರು ಆಟ, ಸುಮಾರು ಐವತ್ತು ಎಸೆತ, ವರ್ಷಕ್ಕೆ ಮೂವತ್ತು ಚಿಲ್ಲರೆ ಸಂಜೆ. ಹೀರಿದ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ರಂಧ್ರಗಳು ತುಂಬಿದ ಮೇಲೆ ಗುಂಡು ಲೇನಿನ ಎಣ್ಣೆಯ ಮೇಲೆ ತನ್ನ ಎಣ್ಣೆಯನ್ನೂ ಹೊತ್ತು ಓಡುತ್ತದೆ. ಜೊತೆಗೆ ಲೇನಿಗೆ ತಿಕ್ಕಿ ತಿಕ್ಕಿ ಮೈಯ ಒರಟು ಸವೆದು ಹೊಳಪು ಬರುತ್ತದೆ. ಹೊರಗಿನಿಂದ ನೋಡಿದರೆ ಮೊದಲಿಗಿಂತ ಚೆಂದ. ಆದರೆ ಮೊದಲು ನಲವತ್ತು ಅಡಿಯಲ್ಲಿ ತಿರುಗುತ್ತಿದ್ದದ್ದು ನಲವತ್ತೈದರಲ್ಲಿ ತಿರುಗುತ್ತದೆ, ಓರೆ ಸಾಲದೆ ಹತ್ತನೆಯ ಪಿನ್ನು ಮೂಲೆಯಲ್ಲಿ ನಿಂತೇ ಇರುತ್ತದೆ. ಕಳೆದ ಚಳಿಗಾಲವಿಡೀ ಆ ಪಿನ್ನು ನನ್ನನ್ನು ಅಣಕಿಸಿತು.

ಬಿಸಿನೀರಿನ ಸ್ನಾನ ಇದಕ್ಕೆ ಮನೆಮದ್ದು. ಕಾವಿಗೆ ಎಣ್ಣೆ ತೆಳುವಾಗಿ ಹೊರಬರುತ್ತದೆ. ನಲ್ಲಿಯ ಬಿಸಿನೀರು ಸಾಕು. ಅದಕ್ಕಿಂತ ಹೆಚ್ಚು ಕಾಯಿಸಿದರೆ ಒಳಗಿನ ತಿರುಳು ಒಂದು ಪ್ರಮಾಣದಲ್ಲಿ, ಹೊರಪದರ ಇನ್ನೊಂದು ಪ್ರಮಾಣದಲ್ಲಿ ಹಿಗ್ಗಿ ಬಿರುಕು ಬಿಡಬಹುದು. ಮಿಷಿಗನ್ನಿನ ಜನವರಿಯಲ್ಲಿ ಗುಂಡನ್ನು ರಾತ್ರಿಯಿಡೀ ಕಾರಿನ ಡಿಕ್ಕಿಯಲ್ಲಿ ಬಿಟ್ಟು, ಬೆಳಗ್ಗೆ ಹೀಟರಿನ ಪಕ್ಕ ಇಟ್ಟವರಿಗೂ ಇದೇ ಗತಿ. ನಾನು ನೀರು ಬದಲಾಯಿಸಿ ಮೂರು ಸಲ ಬೆವರಿಳಿಸಿದೆ, ಸ್ಯಾಂಡ್‌ಪೇಪರಿನಿಂದ ಉಜ್ಜಿದೆ. ಎರಡು ವಾರ ಹಳೆಯ ಹುರುಪು ಮರಳಿತು, ಮೂರನೆಯ ವಾರ ಮತ್ತೆ ಅದೇ ಜಾರು. ಹೊಸದು ಕೊಳ್ಳಲೇಬೇಕಾಯಿತು.

ಅಂಗಡಿಗೆ ಹೋದರೆ ತಲೆ ತಿರುಗುತ್ತದೆ. ಗೋಡೆ ತುಂಬ ಜಾತ್ರೆಯ ಮಿಠಾಯಿ ಬಣ್ಣದ ಗುಂಡುಗಳು, ಪ್ರತಿಯೊಂದರ ಪಕ್ಕದಲ್ಲಿ ಅದರ ತಿರುಳಿನ ಅಡ್ಡಕೊಯ್ತದ ಚಿತ್ರ. ಒಂದು ಬಲ್ಬಿನ ಹಾಗೆ, ಇನ್ನೊಂದು ಮುರಿದ ಬುಗುರಿಯ ಹಾಗೆ. ಮಾರಾಟವಾಗುವುದು ಈ ಚಿತ್ರದ ಬಲದಿಂದ ಎಂಬ ಅನುಮಾನ ನನಗೆ ಮೊದಲಿನಿಂದ ಇದೆ. ಹಾಗೆಂದು ತಿರುಳು ಸುಳ್ಳಲ್ಲ. ತೂಕ ನಡುವಿನಲ್ಲಿ ಕೂಡಿಕೊಂಡಿದ್ದರೆ ಗುಂಡು ಬೇಗ ತಿರುಗು ಹಿಡಿಯುತ್ತದೆ, ಅಂಚಿಗೆ ಹರಡಿದ್ದರೆ ನಿಧಾನ. ತೂಕದ ಈ ಹರಹನ್ನು ಇಂಚಿನಲ್ಲಿ ಅಳೆಯುತ್ತಾರೆ, ನಿಯಮ ಒಪ್ಪುವುದು 2.46ರಿಂದ 2.80ರವರೆಗೆ. ಒಂದೇ ಗುಂಡಿನಲ್ಲಿ ಬೇರೆ ಬೇರೆ ಅಕ್ಷಗಳ ನಡುವೆ ಈ ಅಳತೆಯಲ್ಲಿ ಗರಿಷ್ಠ 0.060 ಇಂಚಿನ ವ್ಯತ್ಯಾಸ ಇರಬಹುದು. ಇಷ್ಟು ಸಣ್ಣ ವ್ಯತ್ಯಾಸದ ಕೆಲಸವನ್ನು ಕಣ್ಣಾರೆ ನೋಡಬಹುದು: ವಾಪಸು ಬಂದ ಗುಂಡನ್ನು ಒರೆಸುವ ಮೊದಲು ದೀಪಕ್ಕೆ ಹಿಡಿಯಿರಿ. ಎಣ್ಣೆಯ ಗೆರೆಗಳು ಒಂದರ ಮೇಲೊಂದು ಬೀಳದೆ, ಬಳೆಗಳನ್ನು ಸರಿಸಿಟ್ಟಂತೆ ಸಾಲಾಗಿ ಹರಡಿ ಎರಡು ಕಡೆ ಒಂದನ್ನೊಂದು ಹಾಯ್ದಿರುತ್ತವೆ. ಬುಗುರಿ ತಲೆದೂಗುವಂತೆ ತಿರುಗುವ ಅಕ್ಷವೇ ಸರಿಯುತ್ತಿದೆ ಎಂಬುದಕ್ಕೆ ಅದು ರುಜುವಾತು. ಅಕ್ಷ ಸರಿದಂತೆ ಪ್ರತಿ ಸುತ್ತಿಗೂ ಒಣಗಿದ ಹೊಸ ಮೈ ಲೇನಿಗೆ ತಾಗುತ್ತದೆ. ಅಂದರೆ ತಿರುಳೂ ಕೊನೆಗೆ ದುಡಿಯುವುದು ಮೈಯ ಹಿಡಿತಕ್ಕಾಗಿಯೇ. ಗುಂಡಿನ ನಡೆಯನ್ನು ಏನೇನು ನಿರ್ಧರಿಸುತ್ತದೆ ಎಂದು ಬೌಲಿಂಗ್ ಕಾಂಗ್ರೆಸ್ ಯಂತ್ರದಿಂದ ಎಸೆದು ಪರೀಕ್ಷಿಸಿದಾಗ ಮೊದಲ ಸಾಲಿನಲ್ಲಿ ನಿಂತದ್ದು ಕೂಡ ಮೇಲ್ಮೈಯ ಸೂಕ್ಷ್ಮ ಒರಟುತನವೇ.

ತೂತು ಕೊರೆಯುವ ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿದೆ. "ನನ್ನ ಹಳೆಯದರಂಥದ್ದೇ ಬೇಕು" ಎಂದೆ. ಅವರು ಗೋಡೆಯ ಕಡೆ ನೋಡಲೂ ಇಲ್ಲ. "ಯಾವ ಹಳೆಯದು? ಏಳು ವರ್ಷದ ಹಿಂದಿನದೋ, ಈಗ ನಿಮ್ಮ ಕೈಯಲ್ಲಿರುವುದೋ?" ಎಂದು ಕೇಳಿದರು.

ನಾನು ತಬ್ಬಿಬ್ಬಾದೆ. ಗುಂಡು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಬಾಗುವುದನ್ನು ಬಿಟ್ಟಂತೆ ನಾನೂ ಗೊತ್ತಿಲ್ಲದೆ ನಿಲ್ಲುವ ಜಾಗವನ್ನು ಬಲಕ್ಕೆ ಸರಿಸಿಕೊಂಡಿದ್ದೆ, ಮಣಿಕಟ್ಟನ್ನು ಹೆಚ್ಚು ತಿರುಗಿಸುತ್ತಿದ್ದೆ, ವೇಗ ತಗ್ಗಿಸಿದ್ದೆ. ನಾನು ಮೆಚ್ಚುತ್ತಿದ್ದ ಗುಂಡು ಎಂದೋ ಇಲ್ಲವಾಗಿತ್ತು. ಅವರು ನನ್ನನ್ನು ಪಕ್ಕದ ಲೇನಿಗೆ ಕರೆದೊಯ್ದು ಹತ್ತು ಸಲ ಎಸೆಸಿದರು, ಗುಂಡಿನ ಮೇಲಿನ ಎಣ್ಣೆಯ ಬಳೆಗಳಿಗೆ ಮೇಣದ ಪೆನ್ಸಿಲಿನಿಂದ ಗುರುತು ಹಾಕಿದರು, ನನ್ನ ತಿರುಗುವ ಅಕ್ಷದ ಬಿಂದುವನ್ನು ಅಳೆದುಕೊಂಡರು. ತಿರುಳಿನ ತುದಿಯನ್ನು ತೋರಿಸುವ ಬಣ್ಣದ ಚುಕ್ಕೆ ಆ ಬಿಂದುವಿನಿಂದ ಎಷ್ಟು ದೂರದಲ್ಲಿ ಬರುವಂತೆ ಬೆರಳಿನ ತೂತು ಕೊರೆಯುತ್ತಾರೋ ಅದರ ಮೇಲೆ ಬಳೆಗಳ ಹರಹು ನಿಲ್ಲುತ್ತದೆ. ಮೂರೂಕಾಲು ಇಂಚಿಗಿಂತ ತುಸು ಹೆಚ್ಚು ದೂರ, ಅಂದರೆ ಗುಂಡಿನ ಸುತ್ತಳತೆಯ ಎಂಟನೇ ಒಂದು ಪಾಲು, ಇಟ್ಟರೆ ಹರಹು ಅತಿ ಹೆಚ್ಚು. ನನಗೆ ಅಷ್ಟು ಬೇಡ ಎಂದು ನಾಲ್ಕೂವರೆ ಇಂಚು ಇಟ್ಟರು. ಹದಿನಾರು ಪೌಂಡಿನದರ ಮೇಲೆ ನನಗೆ ಆಸೆಯಿತ್ತು. ಭಾರ ಹೆಚ್ಚಿದಷ್ಟೂ ಪಿನ್ನಿಗೆ ತಾಗಿ ಪಕ್ಕಕ್ಕೆ ಚಿಮ್ಮುವುದು ಕಡಿಮೆ. ಮೂರನೆಯ ಆಟದ ಹೊತ್ತಿಗೆ ತೋಳು ಸೋತು ವೇಗ ಬಿದ್ದರೆ ಆ ಲಾಭ ಎಲ್ಲಿ ಉಳಿಯುತ್ತದೆ ಎಂದು ಕೇಳಿದರು. ಹದಿನೈದಕ್ಕೇ ನಿಂತೆ. ತಿರುಳು ಸಾಧಾರಣ, ಬೆಲೆಯೂ ಸಾಧಾರಣ, ಮೈ ಮಾತ್ರ ಹೊಳಪಿಲ್ಲದ ಒರಟು.

ಬೆರಳುಗಳ ಅಳತೆಯನ್ನೂ ಹೊಸದಾಗಿ ತೆಗೆದುಕೊಂಡರು. ಏಳು ವರ್ಷದಲ್ಲಿ ನನ್ನ ಹೆಬ್ಬೆರಳೂ ದಪ್ಪವಾಗಿತ್ತು.

ಗುರುವಾರ ನಿಂತಲ್ಲೇ ನಿಂತು, ಎಸೆದಂತೆಯೇ ಎಸೆದೆ. ಹೊಸ ಗುಂಡು ಮೂವತ್ತೆಂಟು ಅಡಿಗೇ ಮುಖ ತಿರುಗಿಸಿ, ಸಂದಿಯನ್ನು ದಾಟಿ, ಎಡಗಡೆಯ ಎರಡು ಪಿನ್ನುಗಳನ್ನು ಕೆಡವಿ ಕತ್ತಲೊಳಗೆ ಹೋಯಿತು. ತಂಡದವರು ಚಪ್ಪಾಳೆ ತಟ್ಟಿ ನಕ್ಕರು. ಲೇನಿನಲ್ಲಿ ಮೂವತ್ತೊಂಬತ್ತು ಪಟ್ಟಿಗಳಿರುತ್ತವೆ. ಐದು ಪಟ್ಟಿ ಎಡಕ್ಕೆ ಸರಿದು ನಿಂತೆ. ಸಾಲಲಿಲ್ಲ, ಇನ್ನೆರಡು ಸರಿದೆ. ಕೈಗೆ ಮರೆತೇಹೋಗಿದ್ದ ಜಾಗ ಅದು, ಏಳು ವರ್ಷದ ಹಿಂದೆ ನಾನು ನಿಲ್ಲುತ್ತಿದ್ದ ಜಾಗ.