ಅಣಬೆ ಸಸ್ಯರಾಜ್ಯದಿಂದ ಹೊರಬಂದ ಬಗೆ

ಮೊದಲ ಮಳೆಗೆ ಹುತ್ತದ ಸುತ್ತ ಏಳುವ ಅಣಬೆಯನ್ನು ಕಂಡವರಾರೂ ಅದು ಗಿಡಮರಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನಂಟೆಂದು ಊಹಿಸಲಾರರು. ಅದು ನೆಲದಿಂದ ಮೇಲೇಳುತ್ತದೆ, ಇದ್ದಲ್ಲಿಂದ ಕದಲುವುದಿಲ್ಲ, ಸಂತೆಯಲ್ಲಿ ತರಕಾರಿಯ ಜೊತೆಗೇ ಕೂರುತ್ತದೆ. ವಿಜ್ಞಾನಿಗಳೂ ಬಹುಕಾಲ ಅದನ್ನು ಸಸ್ಯವೆಂದೇ ಬಗೆದಿದ್ದರು.

ಸ್ವೀಡನ್ನಿನ ಲಿನೇಯಸ್ 1735ರಲ್ಲಿ ನಿಸರ್ಗವನ್ನು ಖನಿಜ, ಸಸ್ಯ, ಪ್ರಾಣಿ ಎಂದು ಮೂರು ರಾಜ್ಯಗಳಾಗಿ ವಿಂಗಡಿಸಿದಾಗ, ಬೆಳೆದು ಬದುಕುವುದು ಸಸ್ಯದ ಲಕ್ಷಣವಾಯಿತು. ಅದರ ಜೊತೆಗೆ ಸಂವೇದನೆಯೂ ಇದ್ದರೆ ಅದು ಪ್ರಾಣಿ. ಅಂದರೆ ಸಸ್ಯವನ್ನು ಗುರುತಿಸಿದ್ದು ಅದರಲ್ಲಿ ಏನಿಲ್ಲ ಎಂಬುದರಿಂದ. ಇಂಥ ವ್ಯಾಖ್ಯೆಯಲ್ಲಿ ಅಣಬೆಗೆ ಬೇರೆ ಜಾಗವಿರಲಿಲ್ಲ. 1753ರ ಗ್ರಂಥದಲ್ಲಿ ಹೂವಿಲ್ಲದ ಜರಿಗಿಡ, ಹಾವಸೆ, ಪಾಚಿಗಳ ಜೊತೆ ಅದೂ ಕೊನೆಯ ವರ್ಗದಲ್ಲಿ ಸೇರಿಕೊಂಡಿತು.

ಈ ವಿಂಗಡಣೆಯನ್ನು ಅಲುಗಿಸಬಲ್ಲ ಸಾಕ್ಷ್ಯಗಳು ಬೇಗನೆ ಕೂಡಿಬಂದವು. ಹಸಿರು ಭಾಗಗಳು ಬೆಳಕಿನಲ್ಲಿ ಮಾತ್ರ ಆಮ್ಲಜನಕವನ್ನು ಬಿಡುತ್ತವೆಂದು 1779ರಲ್ಲಿ ಡಚ್ ವೈದ್ಯ ಇಂಗೆನ್‌ಹೌಸ್ ತೋರಿಸಿದರು. ಅಣಬೆಯಲ್ಲಿ ಆ ಹಸಿರೇ ಇಲ್ಲ. ಫ್ರಾನ್ಸಿನ ಬ್ರಾಕೊನೊ 1811ರಲ್ಲಿ ಅಣಬೆಯಿಂದ ಬೇರ್ಪಡಿಸಿದ ವಸ್ತುವೇ ಮುಂದೆ ಕೈಟಿನ್ ಎನಿಸಿಕೊಂಡಿತು. ಏಡಿ, ಜೀರುಂಡೆಗಳ ಹೊರಕವಚದಲ್ಲಿರುವುದೂ ಅದೇ. ಸಸ್ಯಗಳ ಕೋಶಭಿತ್ತಿಯಲ್ಲಿರುವುದಾದರೋ 1838ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಯೆನ್ ಗುರುತಿಸಿದ ಸೆಲ್ಯುಲೋಸ್. ಸಸ್ಯ ತನ್ನ ಆಹಾರವನ್ನು ಪಿಷ್ಟವಾಗಿ ಕೂಡಿಟ್ಟರೆ, ಅಣಬೆ ನಮ್ಮ ಪಿತ್ತಜನಕಾಂಗದಂತೆ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಇಷ್ಟು ವ್ಯತ್ಯಾಸಗಳು ಕಂಡುಬಂದರೂ ಹಳೆಯ ವಿಂಗಡಣೆ ಉಳಿದುಕೊಂಡದ್ದಕ್ಕೆ, ಅಣಬೆಯನ್ನು ಓದುತ್ತಿದ್ದವರೆಲ್ಲ ಸಸ್ಯಶಾಸ್ತ್ರಜ್ಞರೇ ಆಗಿದ್ದುದು ಒಂದು ಕಾರಣವೆಂದು ನನಗೆ ತೋರುತ್ತದೆ.

ಜರ್ಮನಿಯ ಜೀವವಿಜ್ಞಾನಿ ಹೆಕೆಲ್ 1866ರಲ್ಲಿ ಸೂಕ್ಷ್ಮಜೀವಿಗಳಿಗಾಗಿ ಮೂರನೆಯ ಜೀವರಾಜ್ಯವೊಂದನ್ನು ಸೂಚಿಸಿದರು. ಆದರೆ ನಿರ್ಣಾಯಕ ತಿರುವು ಬಂದದ್ದು 1969ರಲ್ಲಿ. ಅಮೆರಿಕದ ಪರಿಸರವಿಜ್ಞಾನಿ ರಾಬರ್ಟ್ ವಿಟ್ಟೇಕರ್, ಜೀವಿ ಚಲಿಸುತ್ತದೆಯೋ ಇಲ್ಲವೋ ಎನ್ನುವುದಕ್ಕಿಂತ ಅದು ಹೇಗೆ ಉಣ್ಣುತ್ತದೆ ಎಂಬುದಕ್ಕೆ ಹೆಚ್ಚು ಬೆಲೆ ಕೊಟ್ಟರು: ಸಸ್ಯ ಬೆಳಕಿನಿಂದ ಆಹಾರವನ್ನು ತಯಾರಿಸುತ್ತದೆ, ಪ್ರಾಣಿ ನುಂಗುತ್ತದೆ, ಅಣಬೆ ಸೇರಿರುವ ಶಿಲೀಂಧ್ರ ತನ್ನ ಮೈಯಿಂದಾಚೆಗೆ ಕಿಣ್ವಗಳನ್ನು ಸುರಿಸಿ ಅಲ್ಲೇ ಕರಗಿದ್ದನ್ನು ಹೀರುತ್ತದೆ. ಅವರ ಐದು ರಾಜ್ಯಗಳಲ್ಲಿ ಶಿಲೀಂಧ್ರಕ್ಕೆ ಸ್ವಂತ ರಾಜ್ಯ ದಕ್ಕಿತು. ಶಿಲೀಂಧ್ರಗಳೂ ಪ್ರಾಣಿಗಳೂ ಒಂದೇ ಮೂಲದ ಕವಲುಗಳೆಂದು 1993ರಲ್ಲಿ ಆನುವಂಶಿಕ ಅಧ್ಯಯನಗಳು ತೋರಿಸಿಕೊಟ್ಟವು.

ಆದರೂ ಹಸಿರೊಂದೇ ಸಸ್ಯದ ಗುರುತಲ್ಲ. ನೀಲಿಹಸಿರು ಪಾಚಿ ಎಂದು ನಾವು ಕರೆಯುವುದು ವಾಸ್ತವದಲ್ಲಿ ಬ್ಯಾಕ್ಟೀರಿಯ. ಅದರಂಥ ಜೀವಿಯೊಂದು ಪುರಾತನ ಕೋಶದೊಳಗೆ ನೆಲೆಸಿ ಎಲೆಯಲ್ಲಿ ಆಹಾರ ತಯಾರಿಸುವ ಹಸಿರು ಕಣವಾದ ಹರಿದ್ರೇಣುವಿನ ಮೂಲವಾಯಿತೆಂಬ ವಿಚಾರವನ್ನು ರಷ್ಯದ ಜೀವವಿಜ್ಞಾನಿ ಮೆರೆಷ್ಕೋವ್ಸ್ಕಿ 1905ರಲ್ಲಿ ಮಂಡಿಸಿದ್ದರು. ಇದಕ್ಕೆ ವ್ಯತಿರಿಕ್ತವಾಗಿ, ಬೇರೆ ಗಿಡಗಳ ರಸ ಹೀರುತ್ತ ಹಳದಿ ದಾರದಂತೆ ಹಬ್ಬುವ ಕಸ್ಕ್ಯೂಟ ಬಳ್ಳಿಯಲ್ಲಿ ಎಲೆಯೂ ಇಲ್ಲ, ಹಸಿರೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದು ಹೂ ಬಿಟ್ಟು ಬೀಜ ಕಟ್ಟುವ ಸಸ್ಯ, ಮಾರ್ನಿಂಗ್ ಗ್ಲೋರಿ ಹೂಬಳ್ಳಿಗಳ ಕುಟುಂಬದ್ದು. ಹೀಗಾಗಿ ಇಂದು ವಂಶಾವಳಿಗೇ ಹೆಚ್ಚು ತೂಕ. ನೆಲದ ಸಸ್ಯಗಳೆಲ್ಲ ಹಸಿರು ಪಾಚಿಗಳ ಒಂದು ಕವಲಿನಿಂದ ಬಂದವು, ಮತ್ತು ಹಾವಸೆಯಿಂದ ಆಲದ ಮರದವರೆಗೆ ಎಲ್ಲವೂ ತಮ್ಮ ಎಳೆಯ ಭ್ರೂಣವನ್ನು ತಾಯಿಯ ಅಂಗಾಂಶದಲ್ಲೇ ಇರಿಸಿ ಪೋಷಿಸುತ್ತವೆ.

ಶಿಲೀಂಧ್ರಗಳನ್ನು ನಮ್ಮ ಕಾಲೇಜುಗಳಲ್ಲಿ ಇಂದಿಗೂ ಸಸ್ಯಶಾಸ್ತ್ರದಡಿಯಲ್ಲೇ ಕಲಿಸುತ್ತಾರೆ. ಅವುಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಂಹಿತೆಯೂ 2011ರವರೆಗೆ ಸಸ್ಯಶಾಸ್ತ್ರದ ಹೆಸರನ್ನೇ ಹೊತ್ತಿತ್ತು. ಆ ವರ್ಷ ಮೆಲ್ಬರ್ನ್‌ನಲ್ಲಿ ಸೇರಿದ ಮಹಾಧಿವೇಶನ ಅದನ್ನು ಪಾಚಿ, ಶಿಲೀಂಧ್ರ ಮತ್ತು ಸಸ್ಯಗಳ ಸಂಹಿತೆಯೆಂದು ಬದಲಾಯಿಸಿತು.